ಗೊರಕೆಯ ಬೆನ್ನು ಹತ್ತಿದ ಡಾಕ್ಟರ್ ಹಬೀಬುರ್ರಹ್ಮಾನ್

ಮಲೆನಾಡಿನ ಜಾನುವಾರುಗಳನ್ನು ಕಾಡುವ ಉಣ್ಣೆ ಜ್ವರ, ಜಂತುಬಾಧೆ ಮೊದಲಾದ ರೋಗಗಳ ಚಿಕಿತ್ಸೆಯಲ್ಲಿ ತಮ್ಮ ಆಯುಷ್ಯದ ಬಹುಭಾಗವನ್ನು ಸವೆಸಿ, ಈ ವರ್ಷ ಮೂಡಿಗೆರೆ ಸೀಮೆಯ ಪಶುವೈದ್ಯ ಸೇವೆಯಿಂದ ನಿವೃತ್ತರಾದ ಡಾ. ಹಬೀಬುರ್ರಹ್ಮಾನ್ ಅವರನ್ನು ಅಭಿನಂದಿಸುವಾಗ, ಶಾಂತಮೂರ್ತಿ, ಸಮಚಿತ್ತರು ಎಂಬ ರೂಢಿಯ ವಿಶೇಷಣಗಳನ್ನು ಬದಿಗಿಡಬೇಕಾಗುತ್ತದೆ. ಅವರು ಕೂತಲ್ಲಿ ಕೂತವರಲ್ಲ, ನಿಂತಲ್ಲಿ ನಿಂತವರಲ್ಲ. ಈ ಅಭಿನಂದನ ಗ್ರಂಥದ ಸಮಿತಿಯ ಸಭೆಯಲ್ಲಿ ಅಧ್ಯಕ್ಷರು ಊಟದ ಭಾರಕ್ಕೆ ತೂಕಡಿಸಿ ಸಣ್ಣಗೆ ಗೊರಕೆ ಹೊಡೆದಾಗ, ತಮ್ಮನ್ನೇ ಹೊಗಳುತ್ತಿದ್ದ ಭಾಷಣವನ್ನು ಬಿಟ್ಟು ಡಾಕ್ಟರು ತಟ್ಟನೆ ಅತ್ತ ತಿರುಗಿದರು. ಸಭೆ ನಕ್ಕಿತು. ಆದರೆ ಆ ಸದ್ದಿನ ಹಿಂದೆ ಅವರು ಒಂದು ಕಾಲದಲ್ಲಿ ಎಷ್ಟು ಅಲೆದಿದ್ದರೆಂಬುದು ನಕ್ಕವರಲ್ಲಿ ಕೆಲವರಿಗಷ್ಟೇ ಗೊತ್ತಿತ್ತು.

ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ಅವರು ಗೋಣಿಬೀಡಿನಲ್ಲಿ ಮನೆ ಮಾಡಿದ ಹೊಸತು. ಪಕ್ಕದ ಹಳ್ಳಿಯ ಕೆಂಚಯ್ಯ ಎಸ್ಟೇಟುಗಳಿಗೆ ಗಾಡಿ ಹೊಡೆದು ಸಂಸಾರ ತೂಗಿಸುತ್ತಿದ್ದವನು. ಅವನ ನೊಗದ ಎಡಬದಿಯ ಎತ್ತು ಕರಿಯನಿಗೆ ಗೊರಕೆ ರೋಗ ಹತ್ತಿತ್ತು. ಮೂಗಿನೊಳಗೆ ಗಂಟು ಬೆಳೆದು, ಎಸ್ಟೇಟಿನ ಏರು ಹತ್ತುವಾಗ ಅದು ಎಳೆಯುತ್ತಿದ್ದ ಉಸಿರು ಅರ್ಧ ಫರ್ಲಾಂಗು ದೂರಕ್ಕೆ ಕೇಳುತ್ತಿತ್ತು. "ಇದು ನಿಂತ್ರೆ ನನ್ನ ಗಾಡಿ ನಿಂತಂಗೆ, ಡಾಕ್ಟ್ರೇ. ಎಸ್ಟೇಟಿನ ರೈಟರು ಲಾರಿ ಗೊತ್ತು ಮಾಡ್ತೀನಿ ಅಂತಿದಾರೆ" ಎಂದ ಕೆಂಚಯ್ಯ. ಡಾಕ್ಟರು ವಾರಕ್ಕೊಂದರಂತೆ ಚುಚ್ಚುಮದ್ದು ಕೊಟ್ಟರು. ಉಸಿರು ಸಡಿಲವಾಯಿತು, ಒಂದೆರಡು ತಿಂಗಳಲ್ಲಿ ಮತ್ತೆ ಕಟ್ಟಿತು.

ಡಾಕ್ಟರ ತಲೆಗೆ ಹುಳ ಹೊಕ್ಕಿದ್ದು ಆಗ. ಗೊರಕೆ ರೋಗದ ಹುಳ ಎತ್ತಿನ ಮೂಗಿನ ರಕ್ತನಾಳದಲ್ಲಿ ವಾಸ ಮಾಡುತ್ತದೆ. ಸಿಂಬಳದೊಡನೆ ಅದರ ಮೊಟ್ಟೆ ನೀರಿಗೆ ಬಿದ್ದು, ಅದರಿಂದ ಹೊರಬಂದ ಮರಿಯು ಬಸವನಹುಳುವಿನ ಹೊಟ್ಟೆ ಸೇರಿ, ಅಲ್ಲಿ ಬಲಿತು ಹೊರಬಂದು, ನೀರಿಗಿಳಿದ ದನದ ಚರ್ಮವನ್ನು ಕೊರೆದು ಒಳನುಗ್ಗುತ್ತದೆ. ಗಾಡಿಯವರೋ ಸಂಜೆ ನೊಗ ಇಳಿಸಿದ್ದೇ ಎತ್ತುಗಳನ್ನು ಊರ ಕೆರೆಗೆ ಹೊಡೆದು ಮೈ ತಿಕ್ಕುವವರು. ಬೆಳಿಗ್ಗೆ ಡಾಕ್ಟರು ಕೊಟ್ಟ ಗುಣವನ್ನು ಸಂಜೆ ಕೆರೆ ಕಿತ್ತುಕೊಳ್ಳುತ್ತಿತ್ತು.

ಬಸವನಹುಳುವನ್ನು ಕೊಲ್ಲಲು ಮೈಲುತುತ್ತೇ ಮದ್ದೆಂದು ಪುಸ್ತಕ ಹೇಳಿತ್ತು, ಕಾಫಿ ಗಿಡಕ್ಕೆ ಹೊಡೆದು ಮಿಕ್ಕ ಮೈಲುತುತ್ತು ಎಸ್ಟೇಟಿನ ಗೋದಾಮಿನಲ್ಲಿತ್ತು. ಡಾಕ್ಟರಿಗೆ ತಡೆಯಲಾಗಲಿಲ್ಲ. ಏಪ್ರಿಲಿನ ಒಂದು ಬೆಳಿಗ್ಗೆ, ಊರಿನಲ್ಲಿ ಯಾರನ್ನೂ ಕೇಳದೆ, ಅದನ್ನು ಕರಗಿಸಿ ಕೆರೆಗೆ ಸುರಿದರು. ನೀರಿನ ಅಳತೆಯನ್ನು ಅವರು ಮಳೆಗಾಲದ ಕೋಡಿಯ ಮಟ್ಟಕ್ಕೆ ಹಿಡಿದಿದ್ದರು. ಬೇಸಿಗೆಯ ಕೆರೆಯಲ್ಲಿ ಅದರ ಅರ್ಧ ನೀರೂ ಇರಲಿಲ್ಲ. ಬಸವನಹುಳುಗಳ ಜೊತೆಗೆ ಕೆರೆಯ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿತು.

ಅದು ಕೆರೆ ಬೇಟೆಗೆ ಇಟ್ಟ ಮೀನು. ಕೆರೆ ಬತ್ತುವ ಹೊತ್ತಿಗೆ ಊರಿಗೆ ಊರೇ ಮೀನು ಹಿಡಿಯುವ ಬಿದಿರಿನ ಕೂಣಿ ಹಿಡಿದು ಒಟ್ಟಿಗೆ ನೀರಿಗಿಳಿಯುವ ದಿನಕ್ಕಾಗಿ ವರ್ಷವಿಡೀ ಒಬ್ಬರೂ ಗಾಳ ಹಾಕದೆ ಕಾದಿದ್ದ ಮೀನು. ನಾಟಿಯ ಹೆಂಗಸರ ಮುಂದಾಳು ತಿಮ್ಮಮ್ಮ ಏರಿಯ ಮೇಲೆ ನಿಂತು ದನಿ ಏರಿಸದೆ ಹೇಳಿದರು: "ದನ ನೋಡೋಕೆ ಬಂದೋರು ದನ ನೋಡ್ಬೇಕಿತ್ತು. ಊರನ್ನ ಕೇಳದೆ ಕೆರೆಗೆ ಯಾಕೆ ಕೈ ಹಾಕಿದ್ರಿ?" ಡಾಕ್ಟರು ತಪ್ಪಾಯಿತೆಂದರು. ಅಂದಿನಿಂದ ಆ ಊರು ಅವರನ್ನು ಕರೆಯಲಿಲ್ಲ, ಅವರ ಬಳಿ ದನ ತರಲಿಲ್ಲ.

ಕರಿಯನ ಚುಚ್ಚುಮದ್ದು ಅರ್ಧಕ್ಕೆ ನಿಂತಿತು. ಊಟಕ್ಕೆ ಕೂತ ಡಾಕ್ಟರು ಗಾಡಿಯ ಸದ್ದು ಕೇಳಿದರೆ ಕೈತುತ್ತು ಹಿಡಿದೇ ಬಾಗಿಲಿಗೆ ಬರುತ್ತಿದ್ದರೆಂದು ಪತ್ನಿ ಜಮೀಲುನ್ನೀಸಾ ಇಂದಿಗೂ ಹೇಳುತ್ತಾರೆ. ಗಾಡಿ ದಾಟಿದ ಮೇಲೂ ಆ ಗೊರಕೆ ಅವರ ಕಿವಿಯಲ್ಲೇ ಉಳಿಯುತ್ತಿತ್ತು. ಕಡೆಗೊಂದು ದಿನ ಚೀಲ ಹೆಗಲಿಗೇರಿಸಿಕೊಂಡು ಎಸ್ಟೇಟಿನ ಏರಿನ ಬುಡದಲ್ಲಿ ಹೋಗಿ ನಿಂತರು. ಕೆಂಚಯ್ಯ ಗಾಡಿ ನಿಲ್ಲಿಸಿ, ಊರಿನ ಕಡೆಗೊಮ್ಮೆ ನೋಡಿ, ನೊಗ ಇಳಿಸಿದ. "ಊರೊಳಗೆ ನಾನು ನಿಮ್ಮ ಹತ್ರ ಮಾತಾಡಂಗಿಲ್ಲ ಡಾಕ್ಟ್ರೇ. ಈ ರಸ್ತೆ ಊರಿಗೆ ಸೇರಿದ್ದಲ್ಲ. ಚುಚ್ಚಿ." ಆ ಮೇಲೆ ವಾರವಾರವೂ, ಮುಂಗಾರು ಹಿಡಿದ ಮೇಲೂ, ಅವರು ಅಲ್ಲೇ ಕೊಡೆ ಹಿಡಿದು ಕಾದರು. ಶ್ರಾವಣದ ಹೊತ್ತಿಗೆ ಗಾಡಿ ಏರು ಹತ್ತಿದಾಗ ಚಕ್ರದ ಸದ್ದು ಮಾತ್ರ ಕೇಳಿತು.

ಅದೇ ರಸ್ತೆಗೆ ಒಂದು ದಿನ ತಿಮ್ಮಮ್ಮನೂ ಬಂದರು. "ಬೈದದ್ದನ್ನ ನಾನು ವಾಪಸ್ ತಗಳಲ್ಲ. ಆದ್ರೆ ಪ್ರತಿ ವರ್ಷ ನಾಟಿಗೆ ಇಳಿದ್ರೆ ನಮ್ ಕಾಲು ತುರಿಸಿ ತುರಿಸಿ ರಕ್ತ ಬರೋದು. ಈ ಸಲ ಇಲ್ಲ. ಅದನ್ನ ಹೇಳದೆ ಇರೋದು ಸರಿ ಅಲ್ಲ ಅನ್ನಿಸ್ತು." ಇನ್ನೊಬ್ಬರಾಗಿದ್ದರೆ ಹಿಗ್ಗುತ್ತಿದ್ದರು. ಡಾಕ್ಟರು ಚಡಪಡಿಸಿದರು. ಕೆರೆಯಿಂದ ಗದ್ದೆಗೆ ಹರಿದ ಅದೇ ಹುಳ ಮನುಷ್ಯರ ಕಾಲನ್ನೂ ಹೊಗುತ್ತದೆ, ಮೈಯೊಳಗೆ ಬೆಳೆಯಲಾರದೆ ಚರ್ಮದಲ್ಲೇ ಸತ್ತು ತುರಿಕೆ ಎಬ್ಬಿಸುತ್ತದೆ ಎಂದು ವಿವರಿಸಿ, "ಬಸವನಹುಳು ಮತ್ತೆ ಬರುತ್ತೆ ತಿಮ್ಮಮ್ಮ. ನಾನು ಮತ್ತೆ ಮೈಲುತುತ್ತು ಹಾಕಲ್ಲ. ದನ ಕೆರೆಗೆ ಇಳೀಬಾರದು, ಬಾವಿ ನೀರು ಸೇದಿ ತೊಟ್ಟಿಗೆ ತುಂಬಬೇಕು. ದಿನಾ ಸೇದೋರು ಯಾರು?" ಎಂದರು. "ಕೆರ್ಕೊಳೋ ಕೈಗೆ ಸೇದೋದು ಕಷ್ಟವಾ? ಗಂಡಸ್ರಿಗೂ ಸೇದಕ್ಕೆ ಹೇಳ್ತೀನಿ" ಎಂದು ತಿಮ್ಮಮ್ಮ ಹೊರಟುಹೋದರು.

ಬಾವಿಯ ಪಕ್ಕ ಕಲ್ಲಿನ ತೊಟ್ಟಿ ಬಂತು. ಡಾಕ್ಟರು ತಾವೇ ಓಡಾಡಿ ಮೀನಿನ ಮರಿ ತರಿಸಿ ಕೊಟ್ಟರು. ಕೆಂಚಯ್ಯ ಗಾಡಿಯಲ್ಲಿ ಒಯ್ದು ಕೆರೆಗೆ ಬಿಟ್ಟ. ಅವರನ್ನು ಮಾತ್ರ ಯಾರೂ ಕರೆಯಲಿಲ್ಲ, ಅವರೂ ರಸ್ತೆ ಬಿಟ್ಟು ಒಳಗಡಿ ಇಡಲಿಲ್ಲ. ಹೀಗೆ ಎರಡು ಬೇಸಿಗೆ ಕಳೆದ ಮೇಲೆ, ಒಂದು ಬೆಳಿಗ್ಗೆ ಕೆಂಚಯ್ಯ ಮನೆ ಬಾಗಿಲಿಗೆ ಬಂದು ಹೊಸ ಕೂಣಿಯೊಂದನ್ನು ಜಗುಲಿಯ ಮೇಲಿಟ್ಟ. "ನಾಳೆ ಬೇಟೆ. ರಸ್ತೇಲಿ ನಿಂತಿದ್ದು ಸಾಕಂತೆ, ಊರೊಳಗೆ ಬರ್ಬೇಕಂತೆ."

ಡಾಕ್ಟರ್ ಹಬೀಬುರ್ರಹ್ಮಾನ್ ಅವರಿಗೆ ಕಣ್ಣಿನ ಚುರುಕು, ಕಾಲಿನ ಕಸುವು ಕುಂದದೆ ಇನ್ನೂ ಅನೇಕ ಬೇಸಿಗೆಗಳು ಒದಗಲಿ; ಕೈಗೆತ್ತಿಕೊಂಡ ಗೊರಕೆ ರೋಗದ ಕುರಿತ ಬರವಣಿಗೆ ಪೂರ್ತಿಯಾಗಲಿ. ವಿಶ್ರಾಂತಿ ಸಿಗಲೆಂದು ಹಾರೈಸುವ ಧೈರ್ಯ ನಮಗಿಲ್ಲ. ಆ ಬೇಟೆಯ ದಿನ ಕೆರೆಗಿಳಿದ ಊರೆಲ್ಲ ಕೂಗಾಡುತ್ತ ಮೀನು ಬಾಚುತ್ತಿದ್ದಾಗ, ಅವರೊಬ್ಬರು ಖಾಲಿ ಕೂಣಿಯನ್ನು ಕಂಕುಳಲ್ಲಿ ಇರುಕಿಕೊಂಡು, ಅಂಚಿನ ಜೊಂಡಿನಲ್ಲಿ ಬಗ್ಗಿ ಎಲೆಗಳನ್ನು ಮಗುಚಿ ನೋಡುತ್ತಿದ್ದರು. ತಿಮ್ಮಮ್ಮ ಸೊಂಟದ ಮಟ್ಟದ ಕೆಸರಿನಿಂದಲೇ ಕೂಗಿ ಹೇಳಿದರು: "ಇವತ್ತೊಂದಿನ ಮೀನು ಹಿಡೀರಿ ಮಾರಾಯ್ರೇ. ನಾಳೆ ಬನ್ನಿ, ಬಸವನಹುಳ ನಾವೂ ಹುಡುಕ್ತೀವಿ."