ನಳಿಗೆಯಲ್ಲಿ ಉಳಿದ ಗುಂಡು

ಮೊಂಟಾನಾದ ಆ ಟೈರ್ ಅಂಗಡಿಯಲ್ಲಿ ಲೋವೆಲ್ ಹೌಗೆನ್‌ನನ್ನು ಯಾರೂ ಜಾಣ ಎಂದು ಕರೆದಿರಲಿಲ್ಲ. ಅವನೂ ಒತ್ತಾಯ ಮಾಡಿರಲಿಲ್ಲ. ಎಂಟು ನಟ್ಟು ಬಿಚ್ಚಿ ಏಳು ಹಾಕುವವನು ಎಂದು ಬೇರೆಯವರು ಆಡಿಕೊಳ್ಳುವ ಮೊದಲೇ ತಾನೇ ಆಡಿಕೊಂಡು ನಗುತ್ತಿದ್ದ. ಅಂಥವನ ಕೈಗೆ ಅಂಗಡಿಯ ಮೇಸ್ತ್ರಿ ಆರ್ಲಿಸ್ ಬ್ರೆಕ್ಕೆ ಅವರು ತಮ್ಮ ರೈಫಲ್ಲಿಗೆ ತೋಟಾ ತಯಾರಿಸುವ ಕೆಲಸ ಕೊಟ್ಟರು.

ಕೊಡದೆ ವಿಧಿಯಿರಲಿಲ್ಲ. ಅವರ ಶ್ವಾಸಕೋಶ ಕೆಟ್ಟಿತ್ತು, ಕೈ ನಡುಗುತ್ತಿತ್ತು. ಬೆಟ್ಟದ ಟಗರು ಹೊಡೆಯುವ ಪರವಾನಗಿಗೆ ಮದುವೆಗೂ ಮುಂಚಿನಿಂದ ಪ್ರತಿ ವರ್ಷ ಲಾಟರಿಗೆ ಹೆಸರು ಕೊಡುತ್ತ ಬಂದವರು. ಹೆಂಡತಿ ತೀರಿಕೊಂಡರು, ಲಾಟರಿ ಬರಲಿಲ್ಲ. ಡಾಕ್ಟರು ಮುಂದಿನ ಚಳಿಗಾಲದ ಮಾತನ್ನೇ ಎತ್ತದ ಈ ವರ್ಷ ಬಂತು.

ಹಿತ್ತಾಳೆ ಚಿಪ್ಪಿಗೆ ಮದ್ದು ಸುರಿದು, ಅದರ ಬಾಯಿಗೆ ಗುಂಡನ್ನು ಒತ್ತಿ ಕೂರಿಸಬೇಕು. ಎಷ್ಟು ಆಳಕ್ಕೆ ಎಂಬುದರ ಮೇಲೆ ಆ ಊರಿನ ಗಂಡಸರು ಅರ್ಧ ಆಯುಷ್ಯ ಜಗಳವಾಡುತ್ತಾರೆ. ಆರ್ಲಿಸ್ ಹೇಳಿದ್ದು ಒಂದೇ ಮಾತು: ಗುಂಡಿನ ಮೂತಿ ನಳಿಗೆಯೊಳಗೆ ಕೊರೆದಿರುವ ಸುರುಳಿ ಗೆರೆಗಳಿಗೆ ತಾಗಕೂಡದು. ಲೋವೆಲ್ ಹಾಗೆಯೇ ಕೂರಿಸಿ, ಗುರಿ ಅಭ್ಯಾಸದ ಬಯಲಿನಲ್ಲಿ ಹೊಡೆದು ನೋಡಿದ. ಕಾಗದದ ಮೇಲೆ ತೂತುಗಳು ಅಂಗೈಯಗಲ ಚೆದುರಿದವು. ಗುಂಡನ್ನು ಚಿಪ್ಪಿನಿಂದ ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುತ್ತ ಹೋದ. ಮೂತಿ ಗೆರೆಗಳಿಗೆ ಒತ್ತಿಕೊಂಡಾಗ ತೂತುಗಳೆಲ್ಲ ಒಂದರ ಮೇಲೊಂದು ಬಿದ್ದವು. ಕೊನೆಗೂ ತನ್ನಿಂದ ನೇರವಾದದ್ದೊಂದು ಆಯಿತಲ್ಲ ಎಂದು ಆ ಕಾಗದವನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ತಿರುಗಿದ. ಆರ್ಲಿಸ್‌ಗೆ ಹೇಳಲಿಲ್ಲ, ಟಗರು ಬಿದ್ದ ಮೇಲೆ ಹೇಳಿ ಶಹಭಾಸ್ ಅನ್ನಿಸಿಕೊಳ್ಳುವ ಆಸೆ. ಬಯಲಿನಲ್ಲಿ ತುಂಬಿದ್ದನ್ನೆಲ್ಲ ಹೊಡೆದೇ ಬರುತ್ತಾರೆ. ಹೊಡೆಯದ ತೋಟಾವನ್ನು ಹೊರತೆಗೆದು ನೋಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಬೆಟ್ಟದಲ್ಲಿ, ಲೋವೆಲ್ ಜೊತೆ ಆರ್ಲಿಸ್ ಹತ್ತು ಹೆಜ್ಜೆಗೊಮ್ಮೆ ನಿಂತು ಕೆಮ್ಮುತ್ತ ಏರಿದ ಮೇಲೆ, ಟಗರು ಕಂಡಿತು. ಆರ್ಲಿಸ್ ತೋಟಾ ಹಾಕಿ ರೈಫಲ್ಲಿನ ಹಿಂಬದಿಯ ಬೋಲ್ಟು ಮುಚ್ಚುವಷ್ಟರಲ್ಲಿ ಬಂಡೆಯ ಹಿಂದೆ ಸರಿಯಿತು. ಮುಂದೆ ಜಾರುಗಲ್ಲಿನ ಇಳಿಜಾರು. ತೋಟಾ ತುಂಬಿದ ರೈಫಲ್ ಹಿಡಿದು ಅಲ್ಲಿ ಯಾರೂ ಕಾಲಿಡುವುದಿಲ್ಲ. ತೋಟಾ ಹೊರತೆಗೆಯಲು ಆರ್ಲಿಸ್ ಬೋಲ್ಟು ಎಳೆದರು. ಚಿಪ್ಪು ಮಾತ್ರ ಬಂತು. ಕರಿ ಎಳ್ಳಿನಂತೆ ಮದ್ದು ಅವರ ಕೈಮೇಲೆಲ್ಲ ಸುರಿಯಿತು. ಗುಂಡು ಗೆರೆಗಳಿಗೆ ಕಚ್ಚಿಕೊಂಡು ನಳಿಗೆಯೊಳಗೇ ಉಳಿಯಿತು. ಅದನ್ನು ತೆಗೆಯದೆ ಇನ್ನೊಂದು ತೋಟಾ ಹಾಕುವಂತಿರಲಿಲ್ಲ.

"ಎಷ್ಟು ಹೊರಗೆ ಬಿಟ್ಟಿದ್ಯೋ?"

"ಗೆರೆಗೆ ಒತ್ತೋ ಹಾಗೆ. ಕಾಗದದ ಮೇಲೆ ಚೆನ್ನಾಗಿ ಬೀಳ್ತಿತ್ತು, ಆರ್ಲಿಸ್."

"ಕಾಗದ ಎಲ್ಲಿಗೂ ಎದ್ದು ಹೋಗಲ್ಲ ಮಾರಾಯ."

ಅಷ್ಟರಲ್ಲಿ ಟಗರು ಬಂಡೆಯ ಈಚೆ ಬಂದು ಮೇಯತೊಡಗಿತು. ಗುಂಡು ತಳ್ಳುವ ಸರಳು ಕೆಳಗೆ ಟ್ರಕ್ಕಿನಲ್ಲಿತ್ತು. ಓಡಿಹೋಗಿ ತರುತ್ತೇನೆಂದು ಲೋವೆಲ್ ಎದ್ದ.

"ಕೂತ್ಕೊ. ನೀನು ಬರೋ ಹೊತ್ತಿಗೆ ಕತ್ತಲಾಗಿರುತ್ತೆ. ಇನ್ನೊಂದ್ಸಲ ಹತ್ತೋಕೆ ನನ್ನ ಹತ್ರ ಉಸಿರಿಲ್ಲ."

ಬೆಳಕಿರುವಷ್ಟು ಹೊತ್ತು ಇಬ್ಬರೂ ಟಗರು ಮೇಯುವುದನ್ನು ನೋಡುತ್ತ ಕೂತರು. ಇಳಿಯುವಾಗ ಆರ್ಲಿಸ್ ಲೋವೆಲ್‌ನ ಹೆಗಲು ಹಿಡಿದುಕೊಂಡರು. ಭಾರವೇ ಇರಲಿಲ್ಲ.

ಟ್ರಕ್ಕಿನ ಹತ್ತಿರ ಅವನು ನಳಿಗೆಯ ತುದಿಯಿಂದ ಸರಳು ತೂರಿಸಿ ತಟ್ಟಿದ. ಒಂದೇ ಏಟಿಗೆ ಗುಂಡು ಅಂಗೈಗೆ ಬಿತ್ತು.

ಬಂತಾ ಎಂದು ಆರ್ಲಿಸ್ ಒಳಗಿನಿಂದ, ಕಣ್ಣು ಮುಚ್ಚಿಕೊಂಡೇ ಕೇಳಿದರು. ಬಂತು ಎಂದ.