ಹದಿನೆಂಟು ಹೆಜ್ಜೆ

ನನ್ನ ಭಾವ ನಗರಸಭೆಯ ಮಳೆನೀರು ಚರಂಡಿಗಳ ಮೇಸ್ತ್ರಿ. ಮೂವತ್ತೊಂದು ವರ್ಷ ಅದೇ ಕೆಲಸ. ಅಕ್ಕನನ್ನು ಅವರು ಮದುವೆಯಾದಾಗ ನಾನು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಈಗ ಅದೇ ನಗರಸಭೆಯ ಕಾಮಗಾರಿ ವಿಭಾಗದಲ್ಲಿ ಗುಮಾಸ್ತೆ. ದೂರಿನ ಫೋನು ಇರುವುದು ನನ್ನ ಮೇಜಿನ ಮೇಲೆ. ಮಳೆಗಾಲದಲ್ಲಿ ಜನ ನನಗೆ ಬೈಯುತ್ತಾರೆ, ನಾನು ಭಾವನಿಗೆ ಬೈಯುತ್ತೇನೆ, ಭಾವ ಮೋಡಕ್ಕೆ ಬೈಯುತ್ತಾರೆ.

ನಮ್ಮ ಕಚೇರಿಯಲ್ಲಿ ಚರಂಡಿಗಳ ನಕ್ಷೆ ಇಲ್ಲ. ಒಂದು ಕಾಲಕ್ಕೆ ಇತ್ತಂತೆ. ಹಳೇ ಕಟ್ಟಡ ಬಿಟ್ಟು ಬರುವಾಗ ಯಾವ ಗಂಟಿನಲ್ಲಿ ಸೇರಿಹೋಯಿತೋ, ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇನ್ನು ರಸ್ತೆಗೆ ಡಾಂಬರು ಹಾಕುವವರೋ, ಚರಂಡಿಯ ಕಸ ತೆಗೆಯಲು ಇಳಿಯುವ ಚೇಂಬರಿನ ಮುಚ್ಚಳ ಕಂಡರೂ ಕಾಣದವರಂತೆ ಅದರ ಮೇಲೇ ಡಾಂಬರು ಸುರಿದು, ರೋಲರ್ ಓಡಿಸಿ ಹೋಗಿಬಿಡುತ್ತಾರೆ. ಅದಕ್ಕಾಗಿ ಡಾಂಬರು ಬೀಳುವ ಹಿಂದಿನ ದಿನ ಭಾವ ಕೆಂಪು ಬಣ್ಣದ ಡಬ್ಬಿ ಹಿಡಿದು ಹೊರಡುತ್ತಿದ್ದರು. ಹತ್ತಿರದ ಗೋಡೆಯ ಮೂಲೆಗೆ ಬೆನ್ನು ಕೊಟ್ಟು ನಿಂತು, ಅಲ್ಲಿಂದ ಮುಚ್ಚಳದ ತನಕ ಹೆಜ್ಜೆ ಎಣಿಸಿ, ಗೋಡೆಯ ಮೇಲೆ ಒಂದು ಬಾಣ, ಒಂದು ಸಂಖ್ಯೆ ಬರೆಯುತ್ತಿದ್ದರು. ಮುಂದೆ ಯಾವತ್ತಾದರೂ ನೀರು ಕಟ್ಟಿಕೊಂಡರೆ ಬಾಣ ತೋರಿಸಿದ ಕಡೆಗೆ ಅಷ್ಟೇ ಹೆಜ್ಜೆ ನಡೆದು, ಅಗೆದು, ಮುಚ್ಚಳ ಎತ್ತುವುದು. ಇಡೀ ಊರಿಗೆ ಅವರ ಕಾಲೇ ಅಳತೆಗೋಲು. ಅಂಥ ಗುರುತುಗಳು ನೂರಾನಲವತ್ತರ ಮೇಲಿವೆ.

ಮೂರು ವರ್ಷದ ಹಿಂದೆ ಅವರು ಹೂಳು ತೆಗೆಸುವಾಗ ಕಾಲುವೆಯೊಳಗೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ನಾಲ್ಕು ತಿಂಗಳು ಹಾಸಿಗೆ. ಎದ್ದಾಗ ಬಲಗಾಲು ಸ್ವಲ್ಪ ಗಿಡ್ಡವಾಗಿತ್ತು. ಇನ್ನು ಬೀದಿ ಕೆಲಸ ಬೇಡ, ಕೂತು ಮಾಡುವ ಕೆಲಸ ಕೊಡಿ ಎಂದು ವೈದ್ಯರು ಪತ್ರ ಬರೆದುಕೊಟ್ಟರು. ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಭಾವ ನನ್ನ ಮೇಜಿನ ಹತ್ತಿರ ಬಂದರು.

"ಏನೇ ಗುಮಾಸ್ತೆ, ಇದನ್ನ ಸಾಹೇಬರ ಹತ್ರ ಕಳಿಸಬೇಡ. ನನ್ನ ಕುರ್ಚೀಲಿ ಕೂರಿಸಿದ್ರೆ ಆರು ತಿಂಗಳೂ ಬದುಕಲ್ಲ ನಾನು."

"ಕುಂಟ್ತಾ ಇದೀರಲ್ಲ ಭಾವ, ಕಾಣಲ್ವಾ ಜನಕ್ಕೆ?"

"ನಿಧಾನಕ್ಕೆ ನಡೆದ್ರೆ ಕಾಣಲ್ಲ. ವಯಸ್ಸಾಯ್ತು ಅಂದ್ಕೋತಾರೆ."

ಸಂಜೆ ಅಕ್ಕನೂ ಫೋನು ಮಾಡಿದಳು. "ಕಳಿಸೇ ಮಾರಾಯ್ತಿ ಅವರನ್ನ ಬೀದಿಗೆ. ನಾಲ್ಕು ತಿಂಗಳಿಗೇ ನನ್ನ ತಲೆ ತಿಂದು ಹಾಕಿದಾರೆ." ನಾನು ನಕ್ಕೆ. ವೈದ್ಯರ ಪತ್ರವನ್ನು ಹರಿದು ಹಾಕಿ, ಆರೋಗ್ಯ ಸರಿಯಿದೆ, ಕೆಲಸಕ್ಕೆ ಹಾಜರಾಗಿದ್ದಾರೆ ಎಂದು ಕಡತದಲ್ಲಿ ನಾನೇ ಬರೆದೆ. ಮನೆಯವರಿಗೆ ಇಷ್ಟಾದರೂ ಮಾಡದಿದ್ದರೆ ಹೇಗೆ ಎಂದುಕೊಂಡೆ. ಭಾವ ಮತ್ತೆ ಡಬ್ಬಿ ಹಿಡಿದು ಬೀದಿಗಿಳಿದರು. ಹೆಜ್ಜೆ ಎಣಿಸಿದರು, ಬಾಣ ಬರೆದರು. ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ನಾನಿರುವುದು ಊರಿನ ತಗ್ಗಿನ ಬೀದಿಯಲ್ಲಿ, ಮಹಡಿ ಮೇಲೆ. ಕೆಳಗಿನ ಮನೆಯಲ್ಲಿ ನಿವೃತ್ತ ಟೀಚರಮ್ಮ ಒಬ್ಬರೇ ಇರುತ್ತಿದ್ದರು. ಮಂಡಿ ನೋವು, ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ನಡೆಯಲಾರರು. ಈ ಸಲದ ಮಳೆಗಾಲದಲ್ಲಿ ಒಂದು ಭಾನುವಾರ ಬೆಳಿಗ್ಗೆ ಶುರುವಾದ ಮಳೆ ಒಂಬತ್ತಾದರೂ ನಿಲ್ಲಲಿಲ್ಲ. ಬೀದಿಯ ನೀರು ಹರಿದುಹೋಗುವ ಬದಲು ಕಟ್ಟಿಕೊಂಡು ಮೇಲೇರತೊಡಗಿತು. ಡಾಂಬರಿನ ಕೆಳಗೆ ಮುಚ್ಚಿಹೋದ ಚೇಂಬರಿನಲ್ಲಿ ಕಸ ಸಿಕ್ಕಿಕೊಂಡಿರಬೇಕೆಂದು ನಾನೇ ಭಾವನಿಗೆ ಫೋನು ಮಾಡಿದೆ. ಮೂರು ಜನ ಆಳುಗಳನ್ನು ಕಟ್ಟಿಕೊಂಡು ಅರ್ಧ ಗಂಟೆಯೊಳಗೆ ಬಂದರು.

ಬೀದಿಯ ತುದಿಯ ಗೋಡೆಯ ಮೇಲೆ ಅವರದೇ ಬಾಣ, ಅವರದೇ ಸಂಖ್ಯೆ: ಹದಿನೆಂಟು. ಮೊಣಕಾಲುದ್ದ ನೀರಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತರು. ಹದಿನೆಂಟು ಎಣಿಸಿ, "ಇಲ್ಲೇ, ಹಾಕ್ರೋ ಹಾರೆ" ಎಂದರು. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಆಳುಗಳು ಒಂದೂವರೆ ಅಡಿ ಅಗೆದರು. ಕಲ್ಲು, ಮಣ್ಣು. ಮುಚ್ಚಳವಿಲ್ಲ.

ಭಾವ ವಾಪಸು ಹೋಗಿ ಮತ್ತೆ ಎಣಿಸಿದರು. ಅದೇ ಜಾಗ. ಎಡಕ್ಕೆ ಅಗೆಸಿದರು, ಬಲಕ್ಕೆ ಅಗೆಸಿದರು. ನೀರು ಟೀಚರಮ್ಮನ ಹೊಸ್ತಿಲು ದಾಟಿತು. "ಮೇಸ್ತ್ರಿ, ನಿಮ್ಮ ಲೆಕ್ಕ ತಪ್ಪಿದೆಯೋ ಏನೋ" ಎಂದು ಒಬ್ಬ ಆಳು ಅಂದದ್ದಕ್ಕೆ ಭಾವ ಅವನ ಮೇಲೆ ಹರಿಹಾಯ್ದರು. "ನನ್ನ ಲೆಕ್ಕಾನಾ? ಮೂವತ್ತೊಂದು ವರ್ಷ ಆಯ್ತಲೇ, ಒಂದು ಮುಚ್ಚಳ ತಪ್ಪಿಲ್ಲ!"

ಮೂರನೇ ಸಲ ಎಣಿಸುವಾಗ ನಾನು ಅವರ ಕಾಲನ್ನೇ ನೋಡಿದೆ. ಎಡಗಾಲು ಮುಂದೆ ಹೋಗುತ್ತದೆ, ಬಲಗಾಲು ಅದನ್ನು ಅರ್ಧ ಹೆಜ್ಜೆಯಷ್ಟೂ ದಾಟದೆ ನಿಂತುಬಿಡುತ್ತದೆ. ಈ ಬೀದಿಗೆ ಡಾಂಬರು ಹಾಕಿ ಏಳು ವರ್ಷವಾಗಿದೆ. ಗೋಡೆಯ ಮೇಲಿರುವುದು ಕಾಲು ಮುರಿಯುವುದಕ್ಕೆ ಮುಂಚಿನ ಹದಿನೆಂಟು. ಅಂಥ ಹಳೇ ಗುರುತು ಹಿಡಿದು ಅಗೆಸುವ ಪ್ರಸಂಗ ಆಮೇಲೆ ಇದುವರೆಗೆ ಬಂದಿರಲಿಲ್ಲ.

ಮೆಟ್ಟಿಲಿಳಿದು, ನೀರಿಗಿಳಿದು, ಅವರ ಕಿವಿಯ ಹತ್ತಿರ ಹೋಗಿ ಹೇಳಿದೆ. "ಭಾವ, ಇದು ಹಳೇ ಗುರುತು. ಆಗ ನಿಮ್ಮ ಹೆಜ್ಜೆ ದೊಡ್ಡದಿತ್ತು."

ಅವರು ನನ್ನನ್ನು ನೋಡಿದ ನೋಟವನ್ನು ಹೇಗೆ ಹೇಳಲಿ! ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಮುಖ ಕಪ್ಪಿಟ್ಟಿತು. ಆಮೇಲೆ ಬಾಣದ ದಿಕ್ಕಿಗೇ ಇನ್ನೂ ಎಂಟು ಹೆಜ್ಜೆ ಹೋಗಿ ನಿಂತು ಕೈ ತೋರಿಸಿದರು. ಎರಡನೇ ಏಟಿಗೇ ಹಾರೆ ಕಬ್ಬಿಣಕ್ಕೆ ತಗುಲಿ ಠಣ್ ಎಂದಿತು.

ಅಷ್ಟರಲ್ಲಿ ಅಕ್ಕಪಕ್ಕದವರು ಟೀಚರಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಮಹಡಿಗೆ ಎತ್ತಿಕೊಂಡು ಹೊರಟಿದ್ದರು. ಒದ್ದೆ ಮೆಟ್ಟಿಲು. ಮುಂದಿನವನ ಕಾಲು ಜಾರಿತು, ಕುರ್ಚಿ ವಾಲಿತು, ಅವರು ಬಿದ್ದರು. ಮುಚ್ಚಳ ಎತ್ತಿದ ಹದಿನೈದು ನಿಮಿಷಕ್ಕೆ ಬೀದಿಯಲ್ಲಿ ಹನಿ ನೀರಿಲ್ಲ. ಟೀಚರಮ್ಮನ ಸೊಂಟದ ಮೂಳೆ ಮಾತ್ರ ಮುರಿದುಹೋಗಿತ್ತು. ನಾವು ಕಳೆದುಕೊಂಡದ್ದು ಮುಕ್ಕಾಲು ಗಂಟೆ.

ಮಾರನೆಯ ದಿನ ಎಂಜಿನಿಯರ್ ಸಾಹೇಬರ ವರದಿ ಸಿದ್ಧವಾಯಿತು. ತಪ್ಪೆಲ್ಲ ಮುಚ್ಚಳದ ಮೇಲೆ ಡಾಂಬರು ಹಾಕಿದ ಗುತ್ತಿಗೆದಾರನದು. ಸುರಿವ ಮಳೆಯಲ್ಲಿ ಚೇಂಬರು ಹುಡುಕಿ ಬೀದಿ ಉಳಿಸಿದ ಮೇಸ್ತ್ರಿಗೆ ಮೆಚ್ಚುಗೆ ಪತ್ರ ಕೊಡಬೇಕು. ಅದನ್ನು ಟೈಪು ಮಾಡಿದವಳು ನಾನು. ಬದುಕಿಕೊಂಡೆವಲ್ಲ ಎಂದು ನಿಟ್ಟುಸಿರು ಬಿಟ್ಟೆ. ನಾಚಿಕೆಯಾಗುತ್ತದೆ, ಆದರೆ ಬಿಟ್ಟದ್ದು ನಿಜ.

ಆ ಸಂಜೆ ಭಾವನ ಜೊತೆ ಆಸ್ಪತ್ರೆಗೆ ಹೋದೆ. ಟೀಚರಮ್ಮ ಮಲಗಿದಲ್ಲಿಂದಲೇ ಅವರ ಎರಡೂ ಕೈ ಹಿಡಿದುಕೊಂಡರು. "ನೀವು ಬರದೇ ಇದ್ದಿದ್ರೆ ನಾನು ಮಂಚದ ಸಮೇತ ತೇಲಿ ಹೋಗ್ತಿದ್ದೆ ಕಣಪ್ಪಾ" ಎಂದು ನಕ್ಕರು. ಭಾವನಿಗೆ ನಗಲಾಗಲಿಲ್ಲ. ಹೊರಗೆ ಬಂದು ಆಸ್ಪತ್ರೆಯ ಗೇಟಿನ ಹತ್ತಿರ ಕಟ್ಟೆಯ ಮೇಲೆ ಕೂತವರು ಎಷ್ಟು ಕರೆದರೂ ಏಳಲಿಲ್ಲ.

"ಒಂದು ಕಾಗದ ಬರಿ ನಾಳೆ. ನನ್ನ ಗುರುತು ಯಾವುದನ್ನೂ ನಂಬಬೇಡಿ ಅಂತ."

"ಯಾಕೆ ಭಾವ ಸುಮ್ಮನೆ ಮೈಮೇಲೆ ಎಳ್ಕೋತೀರಾ? ಹಳೇದೆಲ್ಲ ದೊಡ್ಡ ಹೆಜ್ಜೆ, ಹೊಸದೆಲ್ಲ ಸಣ್ಣ ಹೆಜ್ಜೆ. ನೀವೇ ನೋಡಿಕೊಂಡು ಅಗೆಸಿದ್ರಾಯ್ತು."

"ಯಾವುದು ಹಳೇದು, ಯಾವುದು ಹೊಸದು ಅಂತ ನೆನಪಿದ್ರೆ ತಾನೇ?" ಎಂದರು. "ಮಾಸಿದ್ದನ್ನ ಕೂಡ ಹೊಸ ಬಣ್ಣ ಬಳಿದು ತಿದ್ದಿದೀನಿ. ಎಲ್ಲಾ ಒಂದೇ ಥರ ಕಾಣ್ತವೆ. ಇವತ್ತು ಸೊಂಟ ಹೋಯ್ತು. ನಾಳೆ ಯಾರದೋ ಜೀವ ಹೋದ್ರೆ?"

ಕಾಗದ ಬರೆದೆ. ಅವರು ಹೇಳಿದಂತೆಯೇ. ಕಾಲು ಗಿಡ್ಡವಾದದ್ದು, ಅದನ್ನು ಮುಚ್ಚಿಟ್ಟದ್ದು, ತಪ್ಪು ಜಾಗ ಅಗೆಸಿದ್ದು. 'ನೋವಿನಿಂದಾಗಿ' ಎಂದು ಸೇರಿಸಹೋದೆ. "ನೋವಿರಲಿಲ್ಲ, ಸುಳ್ಳು ಬರೀಬೇಡ" ಎಂದು ಹೊಡೆದುಹಾಕಿಸಿದರು. ವೈದ್ಯರ ಪತ್ರದ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ನಾನೂ ನೆನಪಿಸಲಿಲ್ಲ.

ಸಾಹೇಬರು ಕಾಗದವನ್ನು ಎರಡು ಸಲ ಓದಿದರು. ಮಳೆಗಾಲ ಮುಗಿಯುವುದರೊಳಗೆ ಎಲ್ಲಾ ಚೇಂಬರುಗಳನ್ನೂ ಹೊಸದಾಗಿ ಹುಡುಕಿಸಬೇಕು, ಭಾವ ಇನ್ನು ಬೀದಿಗಿಳಿಯಕೂಡದು, ವಿಚಾರಣೆ ಆಗುತ್ತದೆ ಎಂದರು. ಭಾವ ತಲೆಯಾಡಿಸಿದರು. ಸಾಹೇಬರು ಕಡತ ತಿರುವಿ, ಕನ್ನಡಕದ ಮೇಲಿಂದ ನನ್ನ ಕಡೆ ನೋಡಿದರು.

"ಆರೋಗ್ಯ ಸರಿಯಿದೆ ಅಂತ ಇಲ್ಲಿ ನಿಮ್ಮ ಸಹಿ ಇದೆಯಲ್ಲ. ನಿಮಗೆ ಗೊತ್ತಿರಲಿಲ್ವಾ?"

"ಅವಳಿಗೆ ಹೇಗೆ ಗೊತ್ತಾಗುತ್ತೆ ಸಾರ್?" ಭಾವ ನನಗಿಂತ ಮೊದಲೇ ಉತ್ತರ ಕೊಟ್ಟರು. "ನಾನು ಯಾರಿಗೂ ಹೇಳಿರಲಿಲ್ಲ."

ಮೂವತ್ತೊಂದು ವರ್ಷದಲ್ಲಿ ಅವರು ಕಚೇರಿಗೆ ಹೇಳಿದ ಸುಳ್ಳುಗಳು ಎರಡು. ಮೊದಲನೆಯದನ್ನು ಆಗಷ್ಟೇ ಒಪ್ಪಿಕೊಂಡಿದ್ದರು. ಎರಡನೆಯದು ನನಗಾಗಿ. ನಾನು ಒಂದು ಮಾತು ಆಡಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಭಾವನ ಬೀದಿ ಕೆಲಸ ಹೋಗಿತ್ತು, ಟೀಚರಮ್ಮನ ಸೊಂಟ ಹೋಗಿತ್ತು. ನಾನು ಬಾಯಿ ತೆರೆಯಲಿಲ್ಲ.