ಕೀರ್ತಿಗೋಡೆಯ ಐದನೇ ಮೊಳೆ

ಹುಲ್ಲಹಳ್ಳಿಯ ಸುತ್ತಮುತ್ತ ಹಾಲಿಗೆ ನೀರು ಬೆರೆಸುವವರಿಗೆ ನಂಜುಂಡಸ್ವಾಮಿ ಎಂದರೆ ಸಿಂಹಸ್ವಪ್ನ. ಹಾಲಿನ ಡೇರಿಯ ಕಾರ್ಯದರ್ಶಿಯಾಗಿ ಹದಿನೆಂಟು ವರ್ಷದಿಂದ ಅವನು ಯಂತ್ರಕ್ಕಿಂತ ಮೊದಲು ತನ್ನ ಮೂಗನ್ನು ನಂಬುತ್ತ ಬಂದವನು. ಸ್ವಂತ ಸೋದರತ್ತೆ ತಂದ ಹಾಲನ್ನೇ ಕ್ಯಾನಿನ ಸಮೇತ ವಾಪಸು ಕಳಿಸಿದ್ದ. ಆಕೆ ಆಮೇಲೆ ಎರಡು ವರ್ಷ ಹಬ್ಬಕ್ಕೆ ಕರೆಯಲಿಲ್ಲ, ಇವನೂ ಆ ಕಡೆ ತಲೆ ಹಾಕಲಿಲ್ಲ. ಜನ ಎದುರಿಗೇ ಹೊಗಳಿದಾಗ ತಲೆ ತಗ್ಗಿಸಿಬಿಡುತ್ತಿದ್ದ. ಅದನ್ನು ಎಲ್ಲರೂ ವಿನಯ ಎಂದುಕೊಂಡಿದ್ದರು. ವಿನಯವಲ್ಲ, ನಾಚಿಕೆ. ಹತ್ತನೇ ಕ್ಲಾಸಿನಲ್ಲಿ ಅವನೊಂದು ಕಳ್ಳತನ ಮಾಡಿದ್ದ, ಅದೂ ಬೇಸ್‌ಬಾಲ್ ಆಡುವಾಗ.

ನಮ್ಮ ಕಡೆಗೂ ಬೇಸ್‌ಬಾಲಿಗೂ ಏನು ಸಂಬಂಧ ಎಂದು ಕೇಳುವವರಿಗೆ ಅನಂತಪದ್ಮನಾಭ ಮೇಷ್ಟ್ರು ಗೊತ್ತಿಲ್ಲ. ಹುಲ್ಲಹಳ್ಳಿ ಕಡೆಯ ಒಂದು ಹೈಸ್ಕೂಲಿಗೆ ಆ ಬ್ರಾಹ್ಮಣ ಡ್ರಿಲ್ ಮೇಷ್ಟ್ರಾಗಿ ಬಂದಾಗ ಸ್ಟೋರ್ ರೂಮಿನಲ್ಲಿ ಇಲಾಖೆ ಕಳಿಸಿದ್ದ ಪೆಟ್ಟಿಗೆಯೊಂದು ಸೀಲು ಒಡೆಯದೆ ಬಿದ್ದಿತ್ತು. ಒಳಗೆ ಎರಡು ದೊಣ್ಣೆ, ಹನ್ನೆರಡು ಚೆಂಡು, ದಪ್ಪ ದಪ್ಪ ಕೈಗವಸು, ಒಂದು ನಿಯಮದ ಪುಸ್ತಕ. ಮೇಷ್ಟ್ರು ಒಂದು ರಾತ್ರಿ ಪುಸ್ತಕ ಓದಿ ಬೆಳಿಗ್ಗೆ ಲೆಕ್ಕ ಹಾಕಿದರು. ಕಬಡ್ಡಿಗೆ ಜಿಲ್ಲೆಯಲ್ಲಿ ನೂರಾರು ತಂಡ. ಬೇಸ್‌ಬಾಲ್ ಆಡುವ ಹೈಸ್ಕೂಲು ಇನ್ನೊಂದೇ, ನರಸೀಪುರದ ಕಡೆ. ಗೆದ್ದರೆ ಜಿಲ್ಲೆಗೆ ಮೊದಲು, ಸೋತರೂ ಜಿಲ್ಲೆಗೆ ಎರಡನೆಯವರು. ಎರಡಕ್ಕೂ ಸರ್ಟಿಫಿಕೇಟು ಉಂಟು. ಹೀಗೆ ಸೋತು ಸೋತೇ ಕ್ರೀಡಾ ಕೋಟಾದಲ್ಲಿ ಪೊಲೀಸರಾದವರು, ಕಂಡಕ್ಟರಾದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಆಟ ಸುಲಭ. ಒಬ್ಬ ಚೆಂಡು ಎಸೆಯುತ್ತಾನೆ, ಎದುರಿನವನು ದೊಣ್ಣೆಯಲ್ಲಿ ಬಾರಿಸಿ ನಾಲ್ಕು ಮೂಲೆ ಸುತ್ತಿ ಬರುತ್ತಾನೆ, ಸುತ್ತಿ ಬಂದರೆ ಒಂದು ರನ್ನು. ನರಸೀಪುರದವರ ಮೈದಾನದಲ್ಲಿ ಹೊಡೆದರೆ ಪಕ್ಕದ ಮನೆಗಳ ಹೆಂಚು ಒಡೆಯುತ್ತಿತ್ತಾದ್ದರಿಂದ ಮ್ಯಾಚೆಲ್ಲ ಹುಲ್ಲಹಳ್ಳಿ ಕಡೆಯೇ ನಡೆಯುತ್ತಿತ್ತು. ಇಲ್ಲಿ ಹೆಂಚಿರಲಿಲ್ಲ, ಮೈದಾನದ ಬಲಕ್ಕೆ ಪುಟ್ಟಗೌರಮ್ಮನ ಕಬ್ಬಿನ ಗದ್ದೆ ಇತ್ತು. ನಿಯಮದ ಪುಸ್ತಕದಲ್ಲಿ ಕಬ್ಬಿನ ಸುದ್ದಿ ಇಲ್ಲವಾಗಿ ಮೇಷ್ಟ್ರೇ ಒಂದು ನಿಯಮ ಮಾಡಿದರು: ಕಬ್ಬಿಗೆ ಹೋದ ಚೆಂಡು ಈಚೆ ಬರುವವರೆಗೂ ಹೊಡೆದವನು ಓಡಬಹುದು. ಪುಟ್ಟಗೌರಮ್ಮ ತನ್ನ ಗದ್ದೆಯ ಒಂದು ಸೋಗೆ ಮುಟ್ಟಿದರೂ ಏಳು ತಲೆಮಾರು ಜಾಲಾಡುವ ಹೆಂಗಸು. ಆದರೆ ಚೆಂಡು ಸರ್ಕಾರದ್ದು ಎಂದು ಯಾರೋ ಹೇಳಿದ್ದರಿಂದ ಚೆಂಡು ಹುಡುಕುವವರನ್ನು ಮಾತ್ರ ಬಿಡುತ್ತಿದ್ದಳು. ಬಲಗಡೆ ಚೆಂಡು ಕಾಯುವ ಕೆಲಸ ನಂಜುಂಡಸ್ವಾಮಿಯದು. ತಂಡದಲ್ಲಿ ನಾಲ್ವರು ನಂಜುಂಡರಿದ್ದರು. ನಂಜನಗೂಡು ತಾಲ್ಲೂಕಿನಲ್ಲಿ ಅದು ಕಡಿಮೆಯೇ. ಇವನು ಮೂರನೇ ನಂಜುಂಡ.

ಈಗ ಆ ಹಳೇ ಆಟಗಾರರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದಾರೆ. ಅಮೆರಿಕದಲ್ಲಿ ದೊಡ್ಡ ಆಟಗಾರರನ್ನು ಓಟು ಹಾಕಿ ಆರಿಸಿ ಕೀರ್ತಿಮಂದಿರಕ್ಕೆ ಸೇರಿಸುತ್ತಾರಂತೆ, ನಮ್ಮಲ್ಲೂ ಒಂದಿರಲಿ ಎಂದು ತೀರ್ಮಾನವಾಯಿತು. ಮಂದಿರಕ್ಕೆ ಜಾಗವಿರಲಿಲ್ಲ. ಸ್ಕೂಲಿನವರು ಬಿಸಿಯೂಟದ ಅಕ್ಕಿ ಇಡುವ ಕೋಣೆಯ ಒಂದು ಗೋಡೆ ಕೊಟ್ಟರು. ಕಿಟಕಿಗೂ ಬಾಗಿಲಿಗೂ ನಡುವೆ ಐದು ಫೋಟೋ ಹಿಡಿಯುತ್ತಿತ್ತು, ಐದು ಮೊಳೆ ಹೊಡೆದರು. ಹೀಗೆ ನಮ್ಮ ಸೀಮೆಯ ಬೇಸ್‌ಬಾಲ್ ಚರಿತ್ರೆಯಲ್ಲಿ ಮಹಾನ್ ಆಟಗಾರರು ಐವರೇ ಎಂದು ಇತ್ಯರ್ಥವಾಯಿತು.

ನಾಲ್ಕು ಮೊಳೆಗೆ ಕಷ್ಟವಾಗಲಿಲ್ಲ. ಮೊದಲನೆಯದು ಮೇಷ್ಟ್ರಿಗೆ. ಅವರು ಒಂದು ಮ್ಯಾಚೂ ಆಡಿದವರಲ್ಲ, ಓಟು ಹಾಕುವಾಗ ಪಕ್ಕದ ಕೋಣೆಗೆ ಎದ್ದು ಹೋಗುವ ದೊಡ್ಡತನ ತೋರಿಸಿದರು. ಎರಡನೆಯದು ತೀರಿಹೋದ ಒಬ್ಬ ಆಟಗಾರನಿಗೆ. ಸತ್ತ ಮೇಲೆ ಅವನ ಆಟ ಬಹಳ ಸುಧಾರಿಸಿತ್ತು. ಮೂರನೆಯದು ಸಬ್ ಇನ್‌ಸ್ಪೆಕ್ಟರ್ ಆಗಿರುವವನಿಗೆ, ನಾಲ್ಕನೆಯದು ನರಸೀಪುರದವರು ಮುನಿಸಿಕೊಳ್ಳದಿರಲೆಂದು ಅವರ ಕಡೆಯ ಒಬ್ಬನಿಗೆ. ಕಿತ್ತಾಟವೆಲ್ಲ ಐದನೆಯದಕ್ಕೆ. ಅಲ್ಲಿಗೆ ಇಬ್ಬರ ಹೆಸರು ಬಂದಿತ್ತು. ಒಬ್ಬ ನರಸೀಪುರದ ಬಸವಪ್ರಸಾದ್, ಮೂರು ವರ್ಷದಲ್ಲಿ ಇಪ್ಪತ್ಮೂರು ಸಲ ಚೆಂಡನ್ನು ಕಬ್ಬಿಗೆ ಕಳಿಸಿದ ಶೂರ, ಈಗ ಕಂಟ್ರಾಕ್ಟರ್. ಇನ್ನೊಬ್ಬ ಹುಲ್ಲಹಳ್ಳಿ ತಂಡದ ಪಿಚ್ಚರ್, ಎಂದರೆ ಚೆಂಡು ಎಸೆಯುವವನು, ಬಿಳಿಗೆರೆಯ ಗಂಗಾಧರಸ್ವಾಮಿ. ಅವನ ಚೆಂಡು ಕಣ್ಣಿಗೇ ಕಾಣುತ್ತಿರಲಿಲ್ಲ ಎನ್ನುತ್ತಿದ್ದರು. ಆದರೆ ಕೊನೆಯ ವರ್ಷದ ಫೈನಲ್‌ನಲ್ಲಿ ಬಸವಪ್ರಸಾದ್ ಅವನನ್ನು ನಾಲ್ಕು ಸಲ ಕಬ್ಬಿಗೆ ಹೊಡೆದ. ನಾಲ್ಕು–ಮೂರರಲ್ಲಿ ಹುಲ್ಲಹಳ್ಳಿ ಸೋತಿತು. ಅಂದಿನಿಂದ ಗಂಗಾಧರಸ್ವಾಮಿ ಚೆಂಡು ಮುಟ್ಟಲಿಲ್ಲ. ಗದ್ದೆಗೆ ಬಂದ ಕೊಕ್ಕರೆಗೂ ಒಂದು ಕಲ್ಲು ಎಸೆದವನಲ್ಲ.

ಗಂಗಾಧರಸ್ವಾಮಿ ನಂಜುಂಡಸ್ವಾಮಿಯ ಜೀವದ ಗೆಳೆಯ. ಇವನ ಮದುವೆಗೆ ಚಪ್ಪರ ಹಾಕಿದವನು ಅವನು, ಅವನ ಗದ್ದೆ ನಾಟಿಗೆ ಆಳು ಸಾಲದಾದಾಗ ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದವನು ಇವನು. ವಾರಕ್ಕೊಮ್ಮೆಯಾದರೂ ಬಿಳಿಗೆರೆಗೆ ಹೋಗಿ ಅವನ ಜಗಲಿಯ ಮೇಲೆ ಕೂತು ಬಾರದಿದ್ದರೆ ನಂಜುಂಡಸ್ವಾಮಿಗೆ ಅನ್ನ ಸೇರುತ್ತಿರಲಿಲ್ಲ. ಅವನ ಸೋಲಿಗೆ ಕಾರಣ ಯಾರೆಂದು ಬಲ್ಲವನು ಜಗತ್ತಿನಲ್ಲಿ ಇವನೊಬ್ಬನೇ ಆಗಿದ್ದ. ಹೇಳದೆ ಇದ್ದರೆ ನೆಮ್ಮದಿಯಿಲ್ಲ, ಹೇಳಿದರೆ ಗೆಳೆತನ ಹೋಗುತ್ತದೆಂಬ ಭಯ. ಹೀಗೆ ಇಪ್ಪತ್ತೇಳು ವರ್ಷ ಕಳೆದಿತ್ತು.

ಐದನೇ ಮೊಳೆಯ ಸಭೆ ಒಂದು ಭಾನುವಾರ ಮಧ್ಯಾಹ್ನ ನಂಜನಗೂಡಿನ ಮೇಷ್ಟ್ರ ಮನೆಯಲ್ಲಿ ಸೇರಿತು. ಸಮಿತಿಯಲ್ಲಿ ನಾಲ್ವರು: ಮೇಷ್ಟ್ರು, ನಂಜುಂಡಸ್ವಾಮಿ, ನರಸೀಪುರ ತಂಡದಲ್ಲಿ ಆಡಿ ಈಗ ಕಾಲೇಜಿನಲ್ಲಿ ಪಾಠ ಹೇಳುವ ಕಿರಣ್, ಮತ್ತು ಅಂದು ಸ್ಕೋರು ಬರೆಯುತ್ತಿದ್ದ ನಾಗರತ್ನ. ನಾಗರತ್ನ ಈಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಹಳೆಯ ಸ್ಕೋರು ಪುಸ್ತಕವನ್ನು ಪಹಣಿಯಷ್ಟೇ ಭದ್ರವಾಗಿ ಇಟ್ಟುಕೊಂಡಿದ್ದಳು. ಮೇಷ್ಟ್ರ ಹೆಂಡತಿ ಜಲಜಮ್ಮ ಉಪ್ಪಿಟ್ಟು ಕೊಟ್ಟು, ಜಗಳವಾಡುವುದಿದ್ದರೆ ತಟ್ಟೆ ಕೆಳಗಿಟ್ಟು ಆಡಿ ಎಂದು ಒಳಗೆ ಹೋದರು.

ಮೊದಲು ಬಾಯಿ ತೆಗೆದವನು ಕಿರಣ್. "ಬಸವಪ್ರಸಾದ್ ನಮ್ಮ ತಂಡದವನೇ ಸರ್, ಆದ್ರೂ ನನ್ನ ಓಟು ಗಂಗಾಧರಂಗೆ. ಲೆಕ್ಕ ನೋಡಿ. ಇಪ್ಪತ್ಮೂರರಲ್ಲಿ ಹತ್ತೊಂಬತ್ತು ರನ್ನು ದಸರಾ ಕಳೆದು ಸಂಕ್ರಾಂತಿ ಒಳಗೆ ಬಂದಿದೆ. ಕಬ್ಬು ಆಳೆತ್ತರ ಇರೋ ಕಾಲ ಅದು. ಕಟಾವಾದ ಮೇಲೆ ಇವನದು ಆಟವೇ ಇಲ್ಲ. ಹೊಡೆದಿದ್ದು ಇವನಾ, ಪುಟ್ಟಗೌರಮ್ಮನ ಗೊಬ್ಬರವಾ?"

"ಕಬ್ಬು ಎಲ್ರಿಗೂ ಒಂದೇ ಎತ್ತರ ಇತ್ತು ಕಣ್ರೀ," ಎಂದಳು ನಾಗರತ್ನ. "ಬೇರೆಯವ್ರು ಯಾಕೆ ಹೊಡೀಲಿಲ್ಲ? ಬರೆದಿರೋದು ಬರೆದಂಗೇ ಇರ್ಬೇಕು. ನನ್ನ ಓಟು ಬಸವಪ್ರಸಾದ್‌ಗೆ."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ನೋಡಪ್ಪಾ, ನಡತೆಯನ್ನೂ ನೋಡಬೇಕಾಗತ್ತೆ. ಆ ಗೋಡೆಗೆ ಹೆಸರು ಕೆತ್ತಿದ ಕಲ್ಲು ಹಾಕಿಸಿಕೊಟ್ಟವನು ಯಾರು, ಫ್ರೇಮು ಮಾಡಿಸಿಕೊಟ್ಟವನು ಯಾರು? ಆಟದ ಮೇಲೆ ಅಭಿಮಾನ ಇಲ್ಲದೇ ಇದ್ದರೆ ಮಾಡಿಸ್ತಿದ್ದನೇ? ನನ್ನದೂ ಬಸವಪ್ರಸಾದನಿಗೇ." ಆಟದ ವಿಷಯದಲ್ಲಿ ಮೇಷ್ಟ್ರು ಹೀಗೆ ಯಾವಾಗಲೂ ನಿಷ್ಪಕ್ಷಪಾತಿ.

ಉಳಿದವನು ನಂಜುಂಡಸ್ವಾಮಿ. ಅವನು ಗೆಳೆಯನಿಗೆ ಓಟು ಹಾಕಿದರೆ ಎರಡಕ್ಕೆರಡು, ಆಗ ಮೇಷ್ಟ್ರು ಅಧ್ಯಕ್ಷರ ಓಟು ಹಾಕುತ್ತಾರೆ, ಅದು ಯಾರಿಗೆಂದು ಕೇಳಬೇಕಾಗಿಲ್ಲ. ಗಂಗಾಧರಸ್ವಾಮಿ ಗೋಡೆ ಹತ್ತಬೇಕಾದರೆ ಇನ್ನೊಬ್ಬರ ಮನಸ್ಸು ತಿರುಗಲೇಬೇಕು. ತಿರುಗಿಸುವ ಮಾತು ಒಂದೇ ಒಂದಿತ್ತು.

"ನಿನ್ ಫ್ರೆಂಡು ಅಂತ ಹಾಕ್ಬೇಡ ಕಣೋ ನಂಜುಂಡ," ನಾಗರತ್ನ ಪುಸ್ತಕ ತೆರೆದು ಫೈನಲ್‌ನ ಪುಟವನ್ನು ಅವನ ಮುಂದೆ ನೂಕಿದಳು. "ನಾಲ್ಕು ಸಲ. ಇದಕ್ಕೇನು ಹೇಳ್ತೀಯ ಹೇಳು."

ಇಪ್ಪತ್ತೇಳು ವರ್ಷದ ಹಿಂದಿನ ಅಕ್ಷರ ಅವನನ್ನೇ ನೋಡುತ್ತಿತ್ತು. ನಂಜುಂಡಸ್ವಾಮಿ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟ.

"ಚೆಂಡು ಕಳ್ದೋಗಿರ್ನಿಲ್ಲ ಸಾ," ಎಂದ. "ನಂಗೆ ಸಿಕ್ಕಿತ್ತು. ಸಿಕ್ಕಿದ್ರೂ ಎಸೀನಿಲ್ಲ."

"ಮತ್ತೆ ಏನು ಮಾಡ್ತಿದ್ದೆ ಒಳಗೆ?" ಎಂದರು ಮೇಷ್ಟ್ರು.

"ಕಬ್ಬು ತಿಂತಿದ್ದೆ."

ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹಸಿವಾಗಿರಲಿಲ್ಲ, ಅವತ್ತು ಅವ್ವ ಮುದ್ದೆ ಹಾಕಿಯೇ ಕಳಿಸಿದ್ದಳು. ಬರೀ ಬಾಯಿ ಚಪಲ. ಕಟಾವಿಗೆ ನಾಲ್ಕು ದಿನ ಉಳಿದಿದ್ದ ಕಬ್ಬು, ಸಕ್ಕರೆಯಂತಿತ್ತು. ಮಿಕ್ಕ ದಿನ ಹತ್ತಿರ ಸುಳಿದರೆ ಪುಟ್ಟಗೌರಮ್ಮ ಕುಡುಗೋಲು ಹಿಡಿದು ಬರುತ್ತಿದ್ದಳು. ಚೆಂಡಿನ ನೆವದಲ್ಲಿ ಒಳಗಿದ್ದಷ್ಟು ಹೊತ್ತೂ ಅವಳು ಕೇಳುವಂತಿರಲಿಲ್ಲ. ಚೆಂಡು ಕಾಲಬುಡದಲ್ಲೇ ಇತ್ತು. ಒಂದು ಗಿಣ್ಣು ಸಿಗಿದು ಎಸೆಯೋಣ ಎಂದುಕೊಂಡ. ಅಷ್ಟರಲ್ಲಿ ಬಸವಪ್ರಸಾದ್ ನಾಲ್ಕು ಮೂಲೆ ಸುತ್ತಿ ಬಂದಿದ್ದ. ಆಮೇಲೂ ಅದೇ ಕಥೆ.

ಮೇಷ್ಟ್ರು ಬೈಯುತ್ತಾರೆಂದು ಕಾದ. ಬೈದಿದ್ದರೆ ಹಗುರವಾಗುತ್ತಿತ್ತು. ಅದರ ಬದಲು ಕಿರಣ್ ಮೆಲ್ಲಗೆ ಕೆಮ್ಮಿದ.

"ನಮ್ಮ ಕಡೆಯಿಂದ ಚೆಂಡು ಹುಡುಕೋಕೆ ಹೋಗ್ತಿದ್ದವನು ನಾನು," ಎಂದ. "ನಾನೂ ತಿಂದಿದ್ದೀನಿ ಸರ್. ಎಷ್ಟು ಸಲ ಅಂತ ನೆನಪಿಲ್ಲ."

ಆಗ ಮೇಷ್ಟ್ರ ಮುಖ ನಿಜವಾಗಿಯೂ ಬಿಳಿಚಿತು. ಈ ಮಾತನ್ನು ಒಪ್ಪಿಕೊಂಡರೆ ಸತ್ತವನ ರನ್ನೂ ಕಬ್ಬಿನದೇ, ಸಬ್ ಇನ್‌ಸ್ಪೆಕ್ಟರನದೂ ಕಬ್ಬಿನದೇ. ನಾಲ್ಕು ಫ್ರೇಮು ತಯಾರಾಗಿ ಗಾಜು ಕೂತಾಗಿತ್ತು. ಅದೂ ಹೋಗಲಿ ಎಂದರೆ, ಆ ನಿಯಮ ಮಾಡಿದವರು ಸ್ವತಃ ಅವರೇ, ಅವರ ಫೋಟೋ ಮೊದಲನೇ ಮೊಳೆಯಲ್ಲಿತ್ತು.

"ತೀರ್ಪುಗಾರನ ತೀರ್ಮಾನವೇ ಅಂತಿಮ," ಎಂದರು ಮೇಷ್ಟ್ರು. "ನಿಯಮದ ಪುಸ್ತಕದಲ್ಲೇ ಇದೆ."

"ನನ್ ಪುಸ್ತಕದಲ್ಲಿ ಕಬ್ಬು ಅಂತ ಕಾಲಂ ಇಲ್ಲ," ಎಂದಳು ನಾಗರತ್ನ. ಧ್ವನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ. ಆದರೂ ಪುಸ್ತಕ ಮುಚ್ಚಿದಳು.

ತನ್ನ ತಂಡದ ನಾಲ್ಕನೇ ಮೊಳೆಯೂ ಅಲ್ಲಾಡುವುದನ್ನು ಕಂಡು ಕಿರಣ್ ಓಟು ಬದಲಾಯಿಸಿದ. ಮೂರಕ್ಕೊಂದು ಓಟಿನಲ್ಲಿ ಬಸವಪ್ರಸಾದ್ ಆಯ್ಕೆಯಾದ. ಜಲಜಮ್ಮ ಎಲ್ಲರಿಗೂ ಕೇಸರಿಬಾತು ತಂದರು. ಜೀವಮಾನದಲ್ಲಿ ಮೊದಲ ಸಲ ನಂಜುಂಡಸ್ವಾಮಿ ಆ ಸತ್ಯ ಒಪ್ಪಿಕೊಂಡಿದ್ದ, ಸಭೆಯ ನಡಾವಳಿಯಲ್ಲಿ ಅದಕ್ಕೆ ಒಂದು ಸಾಲೂ ಸಿಗಲಿಲ್ಲ.

ಅಲ್ಲಿಗೆ ಬಿಡಬಹುದಿತ್ತು. ನಾಲ್ವರಲ್ಲಿ ಯಾರೂ ಹೊರಗೆ ಬಾಯಿ ಬಿಡುವವರಲ್ಲ, ಎಲ್ಲರ ಮಾನವೂ ಅದೇ ಗೋಡೆಯ ಮೇಲಿತ್ತು. ಆದರೆ ಹೊಟ್ಟೆಯೊಳಗಿನ ಮಾತು ಒಮ್ಮೆ ಬಾಯಿಗೆ ಬಂದಮೇಲೆ ವಾಪಸು ಹೋಗುವುದಿಲ್ಲ. ಅವನು ಬೈಕನ್ನು ಡೇರಿಯ ಕಡೆ ತಿರುಗಿಸದೆ ಬಿಳಿಗೆರೆಗೆ ಹೊಡೆದ.

ಗಂಗಾಧರಸ್ವಾಮಿ ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ. ಗೆಳೆಯನನ್ನು ಕಂಡು ಮುಖ ಅರಳಿತು. "ಬಾರ್ಲಾ, ಏನಾಯ್ತು ಮೀಟಿಂಗು? ನಂದಂತೂ ಆಗಿರಲ್ಲ ಬುಡು. ನಾಲ್ಕು ಸಲ ವೊಡುಸ್ಕೊಂಡೋನ ಪೋಟೋನ ಯಾವ್ ಗೋಡೆಗೆ ಆಕ್ತಾರು," ಎಂದು ನಕ್ಕ. ಆ ನಗೆ ಎಷ್ಟು ಹಳೆಯದೆಂದು ನಂಜುಂಡಸ್ವಾಮಿಗೆ ಗೊತ್ತಿತ್ತು.

ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟ. ಗಂಗಾಧರಸ್ವಾಮಿ ಹುಲ್ಲಿನ ಕಂತೆ ಹಿಡಿದುಕೊಂಡೇ ಕೇಳಿದ. ಹಸು ಎರಡು ಸಲ ಕತ್ತು ಚಾಚಿತು, ಅವನಿಗೆ ಕೊಡಬೇಕೆಂದು ತೋಚಲಿಲ್ಲ.

"ನಾಲ್ಕರಾಗೆ ಎಷ್ಟು ಸಿಕ್ಕಿತ್ತು ನಿಂಗೆ?"

"ಮೂರು," ಎಂದ ನಂಜುಂಡಸ್ವಾಮಿ. "ಒಂದು ಮಾತ್ರ ನಿಜವಾಗ್ಲೂ ಸಿಕ್ನಿಲ್ಲ. ದೂರ ಓಗಿತ್ತು."

"ಅಂಗಾರೆ ಅವ್ನು ನಂಗೆ ವೊಡ್ದಿದ್ದು ಒಂದೇ."

"ಒಂದೇ ಕಣ್ಲಾ."

ಗಂಗಾಧರಸ್ವಾಮಿ ಕಂತೆ ಕೆಳಗಿಟ್ಟು ಕಟ್ಟೆಯ ಮೇಲೆ ಕೂತ. ಬಲಗೈಯನ್ನು ಎತ್ತಿ ಮುಂದೆ ಹಿಂದೆ ತಿರುಗಿಸಿ ನೋಡಿಕೊಂಡ. "ಫೈನಲ್ ಆದ್ ವಾರುಕ್ಕೆ ನಂಗೊಂದು ಕಾಗ್ದ ಬಂದಿತ್ತು," ಎಂದ. "ಸ್ಟೇಟ್ ಟೀಮಿಗೆ ಆರ್ಸೋ ಕ್ಯಾಂಪಿಗೆ ಬಾ ಅಂತ. ಯಾರ್ಗೂ ಯೋಳ್ನಿಲ್ಲ, ವೊಲೆಗೆ ಆಕ್ಬುಟ್ಟೆ. ನಾಲ್ಕು ಸಲ ವೊಡುಸ್ಕೊಂಡೋನು ಅಲ್ಲೋಗಿ ನಗೆಪಾಟ್ಲು ಆಗದ್ಯಾಕೆ ಅಂತ."

ನಂಜುಂಡಸ್ವಾಮಿಗೆ ಈ ಕಾಗದದ ವಿಷಯ ಗೊತ್ತಿರಲಿಲ್ಲ. ತಾನು ಕದ್ದದ್ದು ಎರಡು ಮೂರು ಜಲ್ಲೆ ಕಬ್ಬು, ಹೆಚ್ಚೆಂದರೆ ಒಂದು ಮ್ಯಾಚು ಎಂದು ಅವನು ಇಷ್ಟು ವರ್ಷ ಅಂದುಕೊಂಡಿದ್ದ. ಕಣ್ಣಲ್ಲಿ ನೀರು ಬಂತು.

ಗಂಗಾಧರಸ್ವಾಮಿ ಒಳಗಿದ್ದ ಹೆಂಡತಿಯನ್ನು ಕೂಗಿದ. "ಮಂಚಮ್ಮಾ, ಬಸ್ವಪ್ರಸಾದ ನಂಗೆ ವೊಡ್ದಿದ್ದು ಒಂದೇ ಅಂತೆ ಕಣಮ್ಮೀ."

"ಯಾವಾಗ ವೊಡುದ್ನು? ಯಾಕ್ ವೊಡುದ್ನು?" ಎನ್ನುತ್ತ ಮಂಚಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. ಅವಳಿಗೆ ಬೇಸ್‌ಬಾಲ್ ಗೊತ್ತಿರಲಿಲ್ಲ. ಗಂಡನ ಮುಖದಲ್ಲಿ ತಾನು ಮದುವೆಯಾಗಿ ಬಂದಂದಿನಿಂದ ಕಾಣದ ಒಂದು ಕಳೆ ಕಂಡು, ಜಗಳವಲ್ಲವೇನೋ ಎಂದುಕೊಂಡು ಕಾಫಿಗಿಡಲು ಹೋದಳು.

"ಕಾಪಿ ಕುಡ್ಕೊಂಡು ಓಗು," ಎಂದ ಗಂಗಾಧರಸ್ವಾಮಿ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಇನ್ಮೇಕೆ ಬರ್ಬ್ಯಾಡ."

ಕಾಫಿ ಬಂತು. ಗಂಗಾಧರಸ್ವಾಮಿ ತನ್ನ ಲೋಟವನ್ನು ಎರಡು ಗುಟುಕಿಗೆ ಮುಗಿಸಿ ಹಸುವಿನ ಹತ್ತಿರ ಹೋದ. ನಂಜುಂಡಸ್ವಾಮಿ ಕಟ್ಟೆಯ ಮೇಲೆ ಕೂತು ಆರಿಸಿ ಆರಿಸಿ ಕುಡಿದ, ಆರಿಹೋದ ಮೇಲೂ ಊದಿಕೊಂಡು ಕುಡಿದ. ಲೋಟ ಖಾಲಿಯಾದರೆ ಏಳಬೇಕಾಗಿತ್ತು.